ಕಸಿವಿಸಿ, ನೋವು, ಸಂಕಟ

ಒಂದು ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಸ್ಟಾಫ್ ರೂಮಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ತೊಂಬತ್ತರ ದಶಕದ ಶುರುವಿನಲ್ಲಿ ಮೂಡಿಗೆರೆಯ ಅದೇ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವಳು. ಒತ್ತಕ್ಷರ ಹಾಕುವುದನ್ನು ಮರೆತು ದಿನಾ ಬೈಸಿಕೊಳ್ಳುತ್ತಿದ್ದ ಹುಡುಗಿ ಈಗ ಔಷಧ ವಿಜ್ಞಾನ ಓದಿ ಮುಗಿಸಿ, ಚಿಕ್ಕಮಗಳೂರಿನ ಹೊರವಲಯದ ಸಣ್ಣ ಖಾಸಗಿ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು.

"ಟೀಚರ್, ನಮ್ಮ ಕಮಿಟಿಗೆ ನೀವು ಮೆಂಬರ್ ಆಗಬೇಕು," ಅಂದಳು.

"ಯಾವ ಕಮಿಟಿ?"

"ನಾವು ಇಲಿಗಳ ಮೇಲೆ ಔಷಧ ಪ್ರಯೋಗ ಮಾಡ್ತೀವಲ್ಲ. ಪ್ರತಿ ಪ್ರಯೋಗಕ್ಕೂ ಮೊದಲು ಒಂದು ಕಮಿಟಿ ಕೂತು, ಪ್ರಾಣಿಗೆ ಎಷ್ಟು ನೋವಾಗುತ್ತೆ ಅಂತ ನೋಡಿ ಒಪ್ಪಿಗೆ ಕೊಡಬೇಕು. ಅದರಲ್ಲಿ ಹೊರಗಿನವರು ಒಬ್ಬರು ಇರಬೇಕು. ವಿಜ್ಞಾನ ಗೊತ್ತಿಲ್ಲದವರೇ ಆಗಬೇಕು ಟೀಚರ್. ನಂಗೆ ತಕ್ಷಣ ನಿಮ್ಮ ನೆನಪಾಯ್ತು."

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮ ಹೆಡ್‌ಮಾಸ್ಟರಿಗೆ ನೆತ್ತಿ ಹತ್ತಿತು. ಅವರು ವಿಜ್ಞಾನದ ಮೇಷ್ಟ್ರು. "ಈ ಅರ್ಹತೆಯಲ್ಲಿ ಇಡೀ ತಾಲ್ಲೂಕಿನಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಒಪ್ಪಿಕೊಳ್ಳಿ ಮೇಡಂ," ಎಂದು ಕೆಮ್ಮುತ್ತಲೇ ಹೇಳಿದರು. ಒಪ್ಪಿಕೊಂಡೆ.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಅದಕ್ಕಿಂತ ಜೋರಾಗಿ ನಕ್ಕರು. ಕಾರಣ ಇತ್ತು. ನಮಗೆ ಊರ ಹತ್ತಿರ ನಾಲ್ಕೆಕರೆ ಕಾಫಿ ತೋಟ. ಕಾಫಿ ಮೂಟೆ ಇಡುವ ಕೋಣೆಯಲ್ಲಿ ಇಲಿಯ ಬಾಲ ಕಂಡರೆ ಸಾಕು, ಸ್ಟೂಲು ಹತ್ತಿ ನಿಂತು, "ಬೋನು ತನ್ನಿ, ಬೋನು ತನ್ನಿ" ಎಂದು ಕೂಗುವವಳು ನಾನೇ. "ಮನೇಲಿ ಬೋನು ಇಡ್ಸೋಳು ಚಿಕ್ಕಮಗಳೂರಿಗೆ ಹೋಗಿ ಇಲಿ ಪರ ವಕಾಲತ್ತು ಮಾಡ್ತೀಯಲ್ಲೇ ಮಾರಾಯ್ತಿ!" ಅಂದರು.

ಪ್ರಯೋಗಾಲಯ ಇದ್ದದ್ದು ಹಳೆಯ ಕಾಫಿ ಕ್ಯೂರಿಂಗ್ ವರ್ಕ್ಸ್ ಕಟ್ಟಡದಲ್ಲಿ. ತೋಟದಿಂದ ಬಂದ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ಆರಿಸಿ, ಚೀಲ ತುಂಬುತ್ತಿದ್ದ ಜಾಗ ಅದು. ಕಾಫಿ ಹೋಗಿ ವರ್ಷಗಳಾಗಿದ್ದರೂ ಗೋಡೆಗಳಲ್ಲಿ ಆ ಒಣ ಹುಲ್ಲಿನಂಥ ವಾಸನೆ ಉಳಿದಿತ್ತು. ಬೀಜ ಆರಿಸುವ ಉದ್ದನೆಯ ಮೇಜಿನ ಸುತ್ತಲೇ ನಮ್ಮ ಮೀಟಿಂಗು.

ನಾಲ್ಕು ಜನ ಇದ್ದೆವು. ಪ್ರಯೋಗಾಲಯದ ಮುಖ್ಯಸ್ಥರು ಅರವತ್ತರ ಹತ್ತಿರದವರು. ಮೆತ್ತಗೆ ಮಾತಾಡುವವರು, ಆದರೆ ಯಾವಾಗಲೂ ಅವಸರ. ಇನ್ನೊಬ್ಬರು ಕಳಸದ ಕಡೆಯಿಂದ ಬರುತ್ತಿದ್ದ ಪಶುವೈದ್ಯರು. ಅವರು ಒಂದು ಸಲವೂ ಹೊತ್ತಿಗೆ ಸರಿಯಾಗಿ ಬಂದವರಲ್ಲ. "ಕರು ಅಡ್ಡ ಬಂದಿತ್ತು ಮಾರಾಯ್ರೆ" ಎಂದು ಜೀಪಿನಿಂದ ಇಳಿಯುತ್ತಲೇ ಹೇಳುತ್ತಿದ್ದರು. ನನ್ನ ವಿದ್ಯಾರ್ಥಿನಿ ಒಬ್ಬಳು, ನಾನೊಬ್ಬಳು.

ಮೊದಲ ದಿನ ನನ್ನ ಮುಂದೆ ಒಂದು ಫಾರಂ ಇಟ್ಟರು. ಇಂಗ್ಲಿಷಿನಲ್ಲಿ ಮೂರು ಚೌಕಗಳು: ಮೈಲ್ಡ್, ಮಾಡರೇಟ್, ಸಿವಿಯರ್. ಪ್ರಾಣಿಗಾಗುವ ನೋವು ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಗುರುತು ಹಾಕಬೇಕು. ಮುಖ್ಯಸ್ಥರು ಐದು ಫಾರಂಗಳನ್ನು ಇಸ್ಪೀಟೆಲೆಯ ಹಾಗೆ ಸರಸರ ಹಂಚಿದರು. ಐದರಲ್ಲೂ ಮೈಲ್ಡ್‌ಗೆ ಟಿಕ್ ಬಿದ್ದಾಗಿತ್ತು.

"ಮೈಲ್ಡ್ ಅಂದರೆ ಎಷ್ಟು ಸರ್?" ಕೇಳಿದೆ.

"ಒಂದು ಸೂಜಿ ಚುಚ್ಚಿದಷ್ಟು ಮೇಡಂ."

ಐದನೆಯ ಫಾರಂ ನನ್ನ ವಿದ್ಯಾರ್ಥಿನಿಯದೇ. ತೋಟದ ಆಳುಗಳು ಕತ್ತಿ ತಾಗಿದ ಗಾಯಕ್ಕೆ ಅರೆದು ಹಚ್ಚುವ ಒಂದು ಸೊಪ್ಪಿದೆ. ಅದರ ಮುಲಾಮು ಮಾಡಿ, ಇಲಿಯ ಬೆನ್ನಿನ ಮೇಲೆ ಒಂದು ರೂಪಾಯಿ ನಾಣ್ಯದಗಲ ಚರ್ಮ ತೆಗೆದು, ಗಾಯ ಎಷ್ಟು ದಿನಕ್ಕೆ ಮಾಯುತ್ತದೆ ಎಂದು ಅಳೆಯುವ ಪ್ರಯೋಗ.

"ಚರ್ಮ ತೆಗೆಯೋದೂ ಸೂಜಿ ಚುಚ್ಚಿದ ಹಾಗೇನಾ?"

"ಅರಿವಳಿಕೆ ಕೊಟ್ಟಿರ್ತೀವಿ. ಅದಕ್ಕೆ ಗೊತ್ತೇ ಆಗಲ್ಲ."

"ಅರಿವಳಿಕೆ ಇಳಿದ ಮೇಲೆ?"

ಪಶುವೈದ್ಯರು ಬಾಯಿಯಲ್ಲಿದ್ದ ಗೋಳಿಬಜೆ ನುಂಗಿ, "ಟೀಚರು ಪರೀಕ್ಷೆಗೆ ಕೂರಿಸಿದ್ರಲ್ಲ ನಮ್ಮನ್ನ!" ಎಂದು ಗೊಳ್ಳನೆ ನಕ್ಕರು. ಮುಖ್ಯಸ್ಥರು ನಗಲಿಲ್ಲ. "ಆಮೇಲೆ ಎಷ್ಟು ನೋವಾಗುತ್ತೆ ಅಂತ ಇಲಿ ಬಂದು ಹೇಳುತ್ತಾ ಮೇಡಂ?" ಅಂದರು. ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ನಿಜಕ್ಕೂ ಕೇಳಿದ್ದರು. ನೋಡಿದರೆ ಗೊತ್ತಾಗಬಹುದೇನೋ, ನನಗೆ ಒಮ್ಮೆ ತೋರಿಸಿ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಸ್ಟೂಲು ನೆನಪಾಯಿತು.

ಮುಂದಿನ ಶನಿವಾರ ಇಲಿಗಳ ಕೋಣೆಯ ಬಾಗಿಲಲ್ಲಿ ನಿಂತಾಗ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದೆ. ಒಳಗೆ ಸಾಲುಸಾಲು ಪ್ಲಾಸ್ಟಿಕ್ ತೊಟ್ಟಿಗಳು, ಮೇಲೆ ಕಂಬಿಯ ಮುಚ್ಚಳ, ಪ್ರತಿಯೊಂದರಲ್ಲೂ ಒಂದು ಬಿಳಿ ಇಲಿ. ಅಲ್ಲೇ ಒಬ್ಬ ಹೆಂಗಸು ನೀರಿನ ಬಾಟಲಿಗಳನ್ನು ತೊಳೆದು ಜೋಡಿಸುತ್ತಿದ್ದರು. ಐವತ್ತು ದಾಟಿದ್ದಿರಬೇಕು, ಎಲೆಯಡಿಕೆ ತಿಂದು ಕೆಂಪಾದ ತುಟಿ. ಮಲ್ಲಂದೂರಿನ ಕಡೆಯವರು. ಈ ಕಟ್ಟಡ ಕಾಫಿ ವರ್ಕ್ಸ್ ಆಗಿದ್ದಾಗ ಇಲ್ಲೇ ಇಪ್ಪತ್ತು ವರ್ಷ ಬೀಜ ಆರಿಸಿದವರು. ಕಾಫಿ ಹೋಗಿ ಇಲಿ ಬಂದರೂ ಅವರು ಇದ್ದಲ್ಲೇ ಇದ್ದರು. ಕಸ ಗುಡಿಸುವುದು, ತೊಟ್ಟಿ ತೊಳೆಯುವುದು, ಇಲಿಗಳಿಗೆ ತಿನ್ನಲು ಕೊಡುವುದು ಅವರ ಕೆಲಸ.

"ಹೆದ್ರಬೇಡಿ ಟೀಚರಮ್ಮ, ಇವು ನಿಮ್ಮ ತೋಟದ ಇಲಿ ಅಲ್ಲ. ಓದಿದವರ ಜೊತೆ ಇರೋವು," ಅಂದರು.

ಹಿಂದಿನ ದಿನ ಬೆನ್ನಿನ ಚರ್ಮ ತೆಗೆದಿದ್ದ ಆರು ಇಲಿಗಳು ಬಲಗಡೆ ಇದ್ದವು. ಪ್ರಯೋಗ ಹೇಗೆ ನಡೆಯುತ್ತದೆಂದು ತಿಳಿಯಲು ಮಾಡುವ ಪೂರ್ವಪರೀಕ್ಷೆ ಅದು, ಹಿಂದೆಯೇ ಒಪ್ಪಿಗೆ ಆಗಿತ್ತು. ನನ್ನ ಕಣ್ಣಿಗೆ ಆರೂ ಒಂದೇ ಥರ ಕಂಡವು. ವಿದ್ಯಾರ್ಥಿನಿ, "ನೋಡಿ ಟೀಚರ್, ಆರಾಮಾಗಿದಾವೆ," ಅಂದಳು.

ಆ ಹೆಂಗಸು ಬಾಟಲಿ ಒರೆಸುತ್ತ, ನಮ್ಮ ಕಡೆ ನೋಡದೆಯೇ, "ಮೂರು ಆರಾಮಾಗಿದಾವೆ," ಅಂದರು.

"ಮಿಕ್ಕ ಮೂರು?"

ಅವರು ವಿದ್ಯಾರ್ಥಿನಿಯ ಮುಖ ನೋಡಿದರು. ಹೇಳಲೋ ಬೇಡವೋ ಎಂಬಂತೆ. ನಾನು ಒತ್ತಾಯ ಮಾಡಿದ ಮೇಲೆ ತೋರಿಸಿದರು. ಪ್ರತಿ ತೊಟ್ಟಿಗೂ ಅವರು ಸಂಜೆ ಹೊತ್ತು ಹರಿದ ಕಾಗದದ ಚೂರು ಹಾಕಿ ಹೋಗುತ್ತಿದ್ದರು. ಚೆನ್ನಾಗಿರುವ ಇಲಿ ಬೆಳಗಾಗುವುದರೊಳಗೆ ಅದನ್ನೆಲ್ಲ ಮೂಲೆಗೆ ಎಳೆದುಕೊಂಡು ಬಟ್ಟಲಿನ ಹಾಗೆ ಮನೆ ಕಟ್ಟಿಕೊಳ್ಳುತ್ತದೆ. ಮೂರು ತೊಟ್ಟಿಗಳಲ್ಲಿ ಚೂರುಗಳು ಹಾಕಿದ ಹಾಗೇ ಬಿದ್ದಿದ್ದವು. "ಇದ್ರ ಕಣ್ಣು ನೋಡಿ, ಅರ್ಧ ಮುಚ್ಚಿದೆ. ಕಣ್ಣಿನ ಸುತ್ತ ಕೆಂಪಗೆ ನೀರು ಕಟ್ಟಿದೆ. ಮುಖ ತೊಳ್ಕೊಂಡಿಲ್ಲ. ಇಲಿ ಅಂದ್ರೆ ಮುಖ ತೊಳ್ಕೊಳ್ಳೋದರಲ್ಲಿ ಕಾಲೇಜು ಹುಡುಗಿ ಹಾಗೆ. ತೊಳ್ಕೊಂಡಿಲ್ಲ ಅಂದ್ರೆ ಎಂತದೋ ಆಗಿದೆ ಅಂತ."

ನೋಡಿದೆ. ಒಮ್ಮೆ ಕಂಡ ಮೇಲೆ ಕಾಣದಿರಲು ಸಾಧ್ಯವೇ ಇರಲಿಲ್ಲ. ಬೆನ್ನು ಗೂನು ಮಾಡಿಕೊಂಡು, ಕೂದಲು ಉಬ್ಬಿಸಿಕೊಂಡು ಆ ಮೂರೂ ಚಳಿ ಹಿಡಿದವರ ಹಾಗೆ ಕೂತಿದ್ದವು. ಹೆದರಿಕೆ ಯಾವಾಗ ಹೋಯಿತೋ, ನನ್ನ ಮೂಗು ಕಂಬಿಗೆ ತಾಗುವಷ್ಟು ಬಗ್ಗಿದ್ದೆ.

ಹೊರಗೆ ಬಂದ ಮೇಲೆ ನನ್ನ ವಿದ್ಯಾರ್ಥಿನಿಯ ಕಣ್ಣು ತುಂಬಿಕೊಂಡಿತ್ತು. "ಟೀಚರ್, ಮೈಲ್ಡ್ ಅಲ್ಲ ಅಂತ ನೀವು ಬರೆದರೆ ನನ್ನ ಪ್ರಯೋಗ ನಿಂತುಹೋಗುತ್ತೆ."

"ನಿಲ್ಲಬೇಕು ಅಂತ ಯಾರು ಹೇಳಿದ್ರು? ಇರೋದನ್ನ ಇದ್ದ ಹಾಗೆ ಬರೆಯೋಣ. ಏನು ಮಾಡಬೇಕು ಅಂತ ಆಮೇಲೆ ಯೋಚನೆ ಮಾಡೋಣ."

ಅವಳು ಕಣ್ಣೊರೆಸಿಕೊಂಡು, "ನಾನು ದಿನಾ ನೋಡ್ತೀನಿ. ನಂಗ್ಯಾಕೆ ಕಾಣಲಿಲ್ಲ?" ಅಂದಳು. ಆ ಪ್ರಶ್ನೆ ಕೇಳಿದ್ದಕ್ಕೆ ಅವಳ ಮೇಲಿನ ನನ್ನ ಪ್ರೀತಿ ದುಪ್ಪಟ್ಟಾಯಿತು.

ಮುಂದಿನ ಮೀಟಿಂಗಿಗೆ ಆ ಹೆಂಗಸನ್ನು ಕರೆಯಬೇಕೆಂದು ಹೇಳಿದೆ. ಮುಖ್ಯಸ್ಥರು ಒಪ್ಪಿದರೂ ಆಕೆಯೇ ಒಪ್ಪಲಿಲ್ಲ. "ನಾನು ಕಸ ಗುಡ್ಸೋಳು. ಕೋಟು ಹಾಕಿದವರ ಮುಂದೆ ಎಂತ ಮಾತಾಡ್ಲಿ?" ಎಂದು ಪೊರಕೆ ಹಿಡಿದು ಹೊರಟೇ ಬಿಟ್ಟರು. ಅವರು ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು, ಕನ್ನಡ ಚೆನ್ನಾಗಿ ಬರೆಯುತ್ತಿದ್ದರು. ಹಾಗಾದರೆ ಇಂಗ್ಲಿಷ್ ಫಾರಂ ಪಕ್ಕಕ್ಕಿಟ್ಟು, ಅವರೇ ತುಂಬಬಹುದಾದ ಒಂದು ಕನ್ನಡ ಪಟ್ಟಿ ಮಾಡೋಣ ಅಂದೆ. ಅಷ್ಟಾದರೂ ಕನ್ನಡ ಟೀಚರಿಂದ ಆಗುವ ಕೆಲಸ.

ಸುಲಭ ಅಂದುಕೊಂಡಿದ್ದೆ, ನಾಲ್ಕು ಶನಿವಾರ ಹಿಡಿಯಿತು. ನನ್ನ ಮೊದಲ ಪಟ್ಟಿಯಲ್ಲಿ 'ಅಲ್ಪ ವೇದನೆ, ಮಧ್ಯಮ ವೇದನೆ, ತೀವ್ರ ಯಾತನೆ' ಎಂದು ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಯಾತನೆ ಎಲ್ಲ ಟಿವೀಲಿ ಬರೋ ದೇವರ ಸೀರಿಯಲ್‌ನವರಿಗೆ ಆಗೋದು ಟೀಚರಮ್ಮ. ನಮಗೆ ಆಗಲ್ಲ," ಅಂದರು.

"ನಿಮಗೆ ಏನಾಗುತ್ತೆ?"

"ಸಣ್ಣದಾದ್ರೆ ಕಸಿವಿಸಿ. ಆಮೇಲೆ ನೋವು. ತಡ್ಕೊಳ್ಳಕ್ಕೆ ಆಗ್ದೇ ಇದ್ರೆ ಸಂಕಟ."

ಮೂವತ್ತು ಮಕ್ಕಳಿಗೆ ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನನಗೆ ಅವತ್ತು ಆ ಪದಗಳು ಸಮಾನವೇ ಅಲ್ಲ, ಒಂದರ ಮೇಲೊಂದು ಮೆಟ್ಟಿಲು ಎಂದು ಗೊತ್ತಾಯಿತು. ಹಾಗೇ ಬರೆದೆವು. ತಿನ್ನುತ್ತದೆ, ಮನೆ ಕಟ್ಟಿದೆ, ಆದರೆ ಆಗಾಗ ಗಾಯದ ಕಡೆ ತಿರುಗಿ ನೋಡುತ್ತದೆ ಅಂದರೆ ಕಸಿವಿಸಿ. ಮನೆ ಕಟ್ಟಿಲ್ಲ, ಮುಖ ತೊಳೆದಿಲ್ಲ, ಕಣ್ಣು ಅರ್ಧ ಮುಚ್ಚಿದೆ, ಆದರೆ ಬೆರಳು ತೋರಿಸಿದರೆ ಮೂಸಲು ಬರುತ್ತದೆ ಅಂದರೆ ನೋವು. ಬೆರಳು ತೋರಿಸಿದರೂ ಬರುವುದಿಲ್ಲ, ತಿಂಡಿ ಮುಟ್ಟಿಲ್ಲ ಅಂದರೆ ಸಂಕಟ. ಸಂಕಟಕ್ಕೆ ಕಾಯುವ ಮಾತಿಲ್ಲ, ತಕ್ಷಣ ದನದ ಡಾಕ್ಟರಿಗೆ ಫೋನು. ಎರಡು ಸಾಲು ಇಟ್ಟೆವು. ಪ್ರಯೋಗಕ್ಕೆ ಮೊದಲು ವಿಜ್ಞಾನಿಯ ಅಂದಾಜು ಒಂದರಲ್ಲಿ, ಆಮೇಲೆ ದಿನಾ ಕಣ್ಣಿಗೆ ಕಂಡದ್ದು ಇನ್ನೊಂದರಲ್ಲಿ.

ಪಟ್ಟಿ ನೋಡಿ ಮುಖ್ಯಸ್ಥರು ತಲೆದೂಗಿದರು. ಆದರೆ ಅವರ ಅನುಮಾನವೂ ನ್ಯಾಯವಾದದ್ದೇ. "ಇದು ಅವರ ಅನಿಸಿಕೆ ಅಷ್ಟೇ ಅಲ್ಲ ಅಂತ ಹೇಗೆ ಹೇಳೋದು?"

ಪಶುವೈದ್ಯರಿಗೆ ಹುರುಪು ಬಂತು. "ಪರೀಕ್ಷೆ ಇಡೋಣ! ನೋವಿರೋ ಇಲಿ ಕಡಿಮೆ ತಿನ್ನುತ್ತೆ, ತೂಕ ಇಳಿಯುತ್ತೆ. ಹನ್ನೆರಡು ತೊಟ್ಟಿ. ಅವರೊಂದು ಪಟ್ಟಿ ತುಂಬಲಿ, ನಾನೊಂದು ತುಂಬ್ತೀನಿ. ಮುಚ್ಚಳ ತೆಗೆಯೋ ಹಾಗಿಲ್ಲ. ಆಮೇಲೆ ತಕ್ಕಡಿ ಹೇಳಲಿ."

ಹಾಗೆ ಪರೀಕ್ಷೆ ನಡೆಯಿತು. ಪೂರ್ವಪರೀಕ್ಷೆಯ ಎರಡನೇ ಸರದಿಯ ಆರು ಗಾಯದ ಇಲಿ, ಆರು ಏನೂ ಮಾಡದೆ ಬಿಟ್ಟ ಇಲಿ. ಡಾಕ್ಟರು ಹತ್ತು ನಿಮಿಷದಲ್ಲಿ ಮುಗಿಸಿ ಕಾಫಿಗೆ ಬಂದರು. ಆಕೆ ಮುಕ್ಕಾಲು ಗಂಟೆ ತೆಗೆದುಕೊಂಡರು. ಪ್ರತಿ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು, ಕೈ ಮಡಿಲಲ್ಲಿಟ್ಟು, ಎದುರುಮನೆಯವರ ಜಗಳ ಕೇಳುವ ಹಾಗೆ ಗಮನವಿಟ್ಟು ಕೂತಿದ್ದರು. ಆಮೇಲೆ ನನ್ನ ವಿದ್ಯಾರ್ಥಿನಿ ಒಂದೊಂದನ್ನೇ ತೂಗಿ, ಹಿಂದಿನ ದಿನಗಳ ತೂಕದ ಜೊತೆ ಹೋಲಿಸಿ ಓದುತ್ತ ಹೋದಳು. ಗಾಯದ ಆರರಲ್ಲಿ ಮೂರಕ್ಕೆ ಆಕೆ 'ನೋವು' ಎಂದು ಬರೆದಿದ್ದರು. ತೂಕ ಇಳಿದಿದ್ದದ್ದು ಅವೇ ಮೂರರದು. ಡಾಕ್ಟರು ಆರಕ್ಕೂ ಒಂದೇ ಸಮ ಕಸಿವಿಸಿ ಬರೆದಿದ್ದರು.

ಕೊನೆಗೆ ಹನ್ನೊಂದನೆಯ ತೊಟ್ಟಿ ಬಂತು, ಏನೂ ಮಾಡದೆ ಬಿಟ್ಟ ಇಲಿ. ಡಾಕ್ಟರ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ 'ಸಂಕಟ' ಎಂದಿತ್ತು. "ಹೊಟ್ಟೆ ಉಬ್ಬರ. ಒಳಗೆ ಗಡ್ಡೆಯೋ ಏನೋ, ಪಾಪ," ಎಂದು ಗಂಭೀರವಾಗಿ ವಿವರಿಸಿದರು. ಆಕೆಯ ಪಟ್ಟಿಯಲ್ಲಿ ಆ ಸಾಲು ಖಾಲಿ.

"ಇದಕ್ಕೆ ಏನೂ ಬರೆದಿಲ್ವಲ್ಲ?" ಮುಖ್ಯಸ್ಥರು ಕೇಳಿದರು.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅದಕ್ಕೆ ನಿಮ್ಮ ಫಾರಂನಲ್ಲಿ ಜಾಗ ಇಲ್ಲ ಸಾರ್. ಅದು ಬಸುರಿ."

"ತೊಟ್ಟಿಗೆ ಅಂಟಿಸಿರೋ ಕಾರ್ಡಿನಲ್ಲಿ ಗಂಡು ಅಂತ ಬರೆದಿದೆ!"

"ಬರೆದಿರಬಹುದು. ಅದಕ್ಕೆ ಓದಕ್ಕೆ ಬರಲ್ಲ."

ಡಾಕ್ಟರು ಮುಚ್ಚಳ ತೆಗೆದು ನೋಡಿದರು. ಇಲಿ ಕೊಟ್ಟವರು ಗಂಡುಗಳ ನಡುವೆ ಒಂದು ಹೆಣ್ಣನ್ನು ಸೇರಿಸಿ ಕಳಿಸಿದ್ದರು, ಕಾರ್ಡು ನಂಬಿಕೊಂಡು ಯಾರೂ ನೋಡಿರಲಿಲ್ಲ. ಮೂವತ್ತು ವರ್ಷ ದನಗಳ ಗಬ್ಬ ಪರೀಕ್ಷೆ ಮಾಡಿದ ಡಾಕ್ಟರು ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನನ್ನ ಡಿಗ್ರಿ ವಾಪಸ್ ತಗೊಳ್ಳಿ ಮಾರಾಯ್ರೆ, ಈಯಮ್ಮನಿಗೆ ಕೊಡಿ!" ಅಲ್ಲಿಯವರೆಗೆ ನಾನು ಹಲ್ಲು ನೋಡದಿದ್ದ ಮುಖ್ಯಸ್ಥರೂ ಅವತ್ತು ನಕ್ಕರು. ಮೂರು ದಿನದ ಮೇಲೆ ಎಂಟು ಮರಿಗಳಾದವಂತೆ. ವಿದ್ಯಾರ್ಥಿನಿ ಶಾಲೆಗೆ ಫೋನು ಮಾಡಿ ಹೇಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆ.

ಮುಲಾಮಿನ ಪ್ರಯೋಗ ನಿಲ್ಲಲಿಲ್ಲ. ಮೈಲ್ಡ್ ಎಂದಿದ್ದನ್ನು ಹೊಡೆದು ಮಾಡರೇಟ್ ಎಂದು ಬರೆದೆವು. ಹಾಗೆ ಬರೆದ ಮೇಲೆ ನೋವು ಕಡಿಮೆ ಮಾಡುವ ಔಷಧ ಕೊಡಲೇಬೇಕಾಯಿತು, ಇಲಿಗಳ ಸಂಖ್ಯೆಯನ್ನೂ ಇಳಿಸಬೇಕಾಯಿತು. ಗಾಯ ಮಾಯುವುದಕ್ಕೆ ಅಡ್ಡಿಯಾಗದ ಔಷಧವನ್ನು ಡಾಕ್ಟರು ಹುಡುಕಿಕೊಟ್ಟರು. ಎರಡನೇ ದಿನವೇ ಹೆಚ್ಚಿನ ತೊಟ್ಟಿಗಳಲ್ಲಿ ಕಾಗದದ ಮನೆ ಎದ್ದಿತ್ತು. ಸೊಪ್ಪು ಗಾಯ ಮಾಯಿಸುತ್ತದೆ, ಆದರೆ ಅಂದುಕೊಂಡಷ್ಟು ಬೇಗ ಅಲ್ಲ ಎಂದು ತಿಳಿಯಿತು. ನನ್ನ ವಿದ್ಯಾರ್ಥಿನಿ ಒಂದು ವಾರ ಮುಖ ಸಣ್ಣ ಮಾಡಿಕೊಂಡು ಓಡಾಡಿ, ಅದನ್ನೇ ಪ್ರಾಮಾಣಿಕವಾಗಿ ಬರೆದು ಕಳಿಸಿದಳು.

ಎಲ್ಲವೂ ನಗುವಿನದೇ ಆಗಿತ್ತು ಎಂದರೆ ಸುಳ್ಳಾಗುತ್ತದೆ. ಪ್ರಯೋಗ ಮುಗಿದ ಮೇಲೆ ಇಲಿಗಳನ್ನು ಉಳಿಸುವಂತಿರಲಿಲ್ಲ. ನೋವಾಗದ ಹಾಗೆ ಕೊನೆಗಾಣಿಸುತ್ತೇವೆ ಎಂಬ ಸಾಲಿನ ಕೆಳಗೆ ನನ್ನ ಸಹಿಯೂ ಇತ್ತು. ಸಹಿ ಹಾಕಿದ ಮೇಲೆ ನೋಡಲೂ ಬೇಕೆಂದು ಒಮ್ಮೆ ಹೋಗಿ ನಿಂತೆ. ಹೇಳಿದ ಹಾಗೇ ಮಾಡಿದರು, ಒಂದೂ ಒದ್ದಾಡಲಿಲ್ಲ. ಆದರೂ ಅವತ್ತು ಬಸ್ಸಿನಲ್ಲಿ ಯಾರ ಜೊತೆಗೂ ಮಾತು ಬೇಡವಾಗಿತ್ತು. ಆ ಹೆಂಗಸು ಅಂಥ ದಿನಗಳಲ್ಲಿ ತಪ್ಪದೆ ರಜೆ ಹಾಕುತ್ತಿದ್ದರು. ಯಾರೂ ಕಾರಣ ಕೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಮುಖ್ಯಸ್ಥರೇ ಒಂದು ದೊಡ್ಡ ಯೋಜನೆ ತಂದರು. ಇಲಿಯ ಕಾಲಿನ ಗಂಟುಗಳು ಊದಿಕೊಳ್ಳುವಂತೆ ಮಾಡಿ, ಇಪ್ಪತ್ತೆಂಟು ದಿನ ಹಾಗೇ ಇಟ್ಟು, ಸಂಧಿವಾತದ ಔಷಧ ಪರೀಕ್ಷಿಸುವುದು. ಅಷ್ಟು ಹೊತ್ತಿಗೆ ಆಕೆ ಮೀಟಿಂಗಿಗೆ ಬರುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು ಅಷ್ಟೇ. ಎಲ್ಲ ಕೇಳಿಸಿಕೊಂಡು, "ಸಾರ್, ಇಪ್ಪತ್ತೆಂಟು ದಿನ ಕಾಲು ಊರಕ್ಕೆ ಆಗ್ದೇ ಇದ್ರೆ ದಿನಾ ಬೆಳಿಗ್ಗೆ ನಾನು ಪಟ್ಟೀಲಿ ಎಂತ ಬರೀಲಿ?" ಅಂದರು.

ಮುಖ್ಯಸ್ಥರಿಗೂ ಮೊಣಕಾಲು ನೋವಿತ್ತು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುತ್ತಿದ್ದರು. ಕಾಗದವನ್ನು ಸ್ವಲ್ಪ ಹೊತ್ತು ನೋಡಿ, "ಇದನ್ನ ವಾಪಸ್ ತಗೊಳ್ತೀನಿ," ಅಂದರು. ಮುಂದಿನ ತಿಂಗಳು ಅದನ್ನೇ ಹತ್ತು ದಿನಕ್ಕಿಳಿಸಿ, ಮೆತ್ತನೆ ಹಾಸು, ನೋವಿನ ಔಷಧ, ಒಂದೇ ಒಂದು ಇಲಿಗೆ ಸಂಕಟ ಕಂಡರೂ ಆ ಇಲಿಯ ಮಟ್ಟಿಗೆ ಪ್ರಯೋಗ ಅಲ್ಲಿಗೇ ನಿಲ್ಲುವುದು ಎಂಬ ಮಾತು, ಎಲ್ಲ ಸೇರಿಸಿ ತಂದರು. ಅದನ್ನೂ ಚರ್ಚೆ ಮಾಡಿಯೇ ಒಪ್ಪಿದೆವು.

ಒಮ್ಮೆ ಬೆಂಗಳೂರಿನಿಂದ ತಪಾಸಣೆಗೆ ಒಬ್ಬರು ಬಂದರು. ನೋವಿನ ಮಟ್ಟ ಗುರುತಿಸುವವರು ಯಾರು ಎಂದು ಕೇಳಿದಾಗ ನಾವು ನಾಲ್ವರೂ ಒಟ್ಟಿಗೆ ಆಕೆಯ ಕಡೆ ಕೈ ತೋರಿಸಿದೆವು. ಆಕೆಯ ಕೈಯಲ್ಲಿ ಪೊರಕೆ. ತಪಾಸಣೆಯವರು ರಿಜಿಸ್ಟರ್ ತೆರೆದು ಮೂರು ವರ್ಷದ ಕನ್ನಡ ಅಕ್ಷರಗಳನ್ನು ಪುಟ ತಿರುವಿ ತಿರುವಿ ಓದಿದರು. 'ಏಳನೇ ನಂಬರಿನದು ಇವತ್ತು ಮುಖ ತೊಳೆದಿದೆ. ಖುಷಿ.' 'ನಾಲ್ಕನೆಯದು ಸುಮ್ಮನೆ ಮುನಿಸು, ನೋವಲ್ಲ.' "ಈ ಮುನಿಸು ಅನ್ನೋದು ಯಾವ ವರ್ಗಕ್ಕೆ ಬರುತ್ತೆ?" ಎಂದು ಅವರು ಕೇಳಿದರು. "ಅದು ಯಾವ ವರ್ಗಕ್ಕೂ ಬರಲ್ಲ ಸಾರ್, ಅದು ಅದರ ಸ್ವಭಾವ," ಅಂದರು ಆಕೆ. ಹೋಗುವಾಗ ಆ ಅಧಿಕಾರಿ ಪಟ್ಟಿಯ ಒಂದು ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಆ ತಿಂಗಳಿನಿಂದಲೇ ಆಕೆಯ ಕೆಲಸದ ಹೆಸರು ಬದಲಾಯಿತು. ಗುಡಿಸುವುದಕ್ಕೆ ಬೇರೆಯವರು ಬಂದರು, ಆಕೆಗೆ ಪ್ರಾಣಿಗಳ ಮೇಲ್ವಿಚಾರಣೆ ಮಾತ್ರ. ಮುಖ್ಯಸ್ಥರು ಮೀಟಿಂಗಿನಲ್ಲಿ ಎದ್ದು ನಿಂತು ಒಂದು ಬಿಳಿ ಕೋಟು ಕೊಟ್ಟರು. ತೋಳು ಉದ್ದವಾಗಿತ್ತು. ಎರಡು ಮಡಿಕೆ ಮಡಿಸಿ, ಸೀರೆಯ ಮೇಲೆ ಹಾಕಿಕೊಂಡು, ಸಂಜೆ ಬಿಚ್ಚುವುದು ಮರೆತು ಹಾಗೇ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದರು. ನಾನು ಬೇಕೆಂದೇ ಹೇಳಲಿಲ್ಲ.

ಮಲ್ಲಂದೂರಿನ ಬಸ್ಸು ತುಂಬಿತ್ತು, ಆದರೂ ಅವರಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ನಾನು ಕೆಳಗೆ ನಿಂತು ಮಾತಾಡುತ್ತಿದ್ದೆ. ಅಷ್ಟರಲ್ಲಿ ಬಸ್ಸಿನೊಳಗೆ ಚೀಲ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಕೋಟು ನೋಡಿ, ಅವರ ಹೆಗಲು ಮುಟ್ಟಿ, "ಡಾಕ್ಟ್ರಮ್ಮ, ನಂಗೆ ಈ ಸೊಂಟ ಹಿಡ್ಕೊಂಡು ಎಂಟು ದಿನ ಆಯ್ತು. ಎಂತ ಮಾಡ್ಲಿ?" ಎಂದಿತು.

ಅವರು ಬೆಚ್ಚಿ ತಮ್ಮ ಕೋಟು ನೋಡಿಕೊಂಡರು, ನನ್ನನ್ನು ನೋಡಿದರು. ಆಮೇಲೆ ಅಜ್ಜಿಯ ಮುಖವನ್ನೇ ಒಂದು ಗಳಿಗೆ ಗಮನವಿಟ್ಟು ನೋಡಿ, ಸೀಟಿನಿಂದ ಎದ್ದರು.

"ಮೊದಲು ನೀವು ಇಲ್ಲಿ ಕೂತ್ಕೊಳ್ಳಿ," ಅಂದರು.